ಹುಲ್ಲು ಕಾಣುವ ಹುಲಿ

ಬಿಇ ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟಿಗೆ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಓಡುವ ಗೇಮ್ ಮಾಡೋಣ ಎಂದು ಹುಮ್ಮಸ್ಸಿನಲ್ಲಿ ಹೇಳಿದ್ದು ನಾನೇ. 2001ರ ಯಂತ್ರ, ವಯಸ್ಸಿನಲ್ಲಿ ನನಗೆ ಅಣ್ಣ. ನಮ್ಮೂರು ಉಡುಪಿ ಕಡೆ, ಹಾಗಾಗಿ ಹೀರೋ ಹುಲಿವೇಷವೇ. ಚಿತ್ರ ಬರೆಯುವುದು ನನ್ನ ಕೈಲಾಗದ್ದು. ಪಿಯುಸಿ ಓದುವ ತಂಗಿಗೆ ಗಂಟುಬಿದ್ದೆ. ಮೊಬೈಲಿನಲ್ಲೇ ನಾಲ್ಕು ಹೆಜ್ಜೆಯ ಹುಲಿ ಬರೆದು ಕಳಿಸಿದಳು.

ಎಮ್ಯುಲೇಟರ್‌ನಲ್ಲಿ ಹಾಕಿದರೆ ಹುಲಿಯ ಸುತ್ತ ಬಿಳಿ ಚೌಕ. ಕಪ್ಪು ಪಟ್ಟೆಗಳಿರಬೇಕಾದಲ್ಲಿ ಹಿಂದಿನ ಹುಲ್ಲು ಕಾಣುತ್ತಿದೆ! ಎರಡನೇ ಹೆಜ್ಜೆ ಇಟ್ಟೊಡನೆ ಮೈ ಕೆಂಪು, ಚಡ್ಡಿ ಹಳದಿ. ಹಾಸ್ಟೆಲಿನಿಂದ ಫೋನ್ ಮಾಡಿ ರೇಗಿದೆ.

"ಅಣ್ಣಾ, ನಾನು ಹಾಕಿದ್ದು ಹಳದಿಯೇ" ಎಂದಳು. ಕೇಳಲಿಲ್ಲ. ಮೂರು ಸಲ ಮತ್ತೆ ಬರೆಸಿದೆ. ಮಾರನೇ ದಿನ ಅವಳಿಗೆ ಕೆಮಿಸ್ಟ್ರಿ ಟೆಸ್ಟ್ ಇತ್ತೆಂದು ಆಮೇಲೆ ಅಮ್ಮ ಹೇಳಿದರು.

ರಿವ್ಯೂಗೆ ಎರಡೇ ದಿನ ಇರುವಾಗ ಫೈಲ್‌ನ ಒಳಗೆ ಇಣುಕಿದೆ. ನಾವು ಬಳಸಿದ 16 ಬಣ್ಣದ ಮೋಡ್‌ನಲ್ಲಿ ಸ್ಪ್ರೈಟ್‌ಗೆ ಬಣ್ಣವೇ ಇರುವುದಿಲ್ಲ. ಪ್ರತಿ ಪಿಕ್ಸೆಲ್‌ನಲ್ಲೂ ಸೊನ್ನೆಯಿಂದ 15ರವರೆಗಿನ ಒಂದು ನಂಬರ್, ಅಷ್ಟೇ. ಯಾವ ನಂಬರಿಗೆ ಯಾವ ಬಣ್ಣ ಎಂಬ ಪಟ್ಟಿ ಬೇರೆಡೆ ಇರುತ್ತದೆ, ಅದೇ ಪ್ಯಾಲೆಟ್. ನಾನು ನಾಲ್ಕು ಚಿತ್ರಗಳನ್ನೂ ಒಂದೊಂದಾಗಿ 16 ಬಣ್ಣಕ್ಕೆ ಇಳಿಸಿದ್ದೆ. ಸಾಫ್ಟ್‌ವೇರ್ ಒಂದೊಂದಕ್ಕೂ ಬೇರೆ ಪಟ್ಟಿ ಮಾಡಿತ್ತು. ನನ್ನ ಕೋಡ್ ಮಾತ್ರ ಮೊದಲನೆಯದನ್ನೇ ಎಲ್ಲಕ್ಕೂ ಬಳಸುತ್ತಿತ್ತು. ಒಂದು ಊರಿನ 12ನೇ ನಂಬರ್ ಬಸ್ ಹತ್ತಿ ಇನ್ನೊಂದು ಊರಿನ ರೂಟ್ ಪಟ್ಟಿ ನೋಡಿದ ಹಾಗೆ. ಸಾಲದ್ದಕ್ಕೆ, ಈ ಯಂತ್ರದ ಸ್ಪ್ರೈಟ್‌ನಲ್ಲಿ ಸೊನ್ನೆ ನಂಬರ್ ಯಾವಾಗಲೂ ಪಾರದರ್ಶಕ. ಆ ಜಾಗದಲ್ಲಿ ಕಪ್ಪು ಕೂತಿತ್ತು. ಪಟ್ಟೆ ಮಾಯ.

ತಂಗಿಯ ಮೊದಲ ಚಿತ್ರಗಳನ್ನೇ ತೆಗೆದೆ. ನಾಲ್ಕನ್ನೂ ಒಂದೇ ಹಾಳೆಗೆ ಅಂಟಿಸಿ, ಹಿನ್ನೆಲೆಗೆ ಹುಲಿಯ ಮೈಮೇಲೆ ಎಲ್ಲೂ ಇಲ್ಲದ ಮಜೆಂತಾ ತುಂಬಿದೆ. ಮೆದು ಬ್ರಷ್‌ನಿಂದಾಗಿ ಅಂಚಿನಲ್ಲಿ ನಸುಬಣ್ಣಗಳ ರಾಶಿ. ಪೆನ್ಸಿಲ್ ಟೂಲ್ ಹಿಡಿದು ಒಂದೊಂದೇ ಪಿಕ್ಸೆಲ್ ಸರಿಮಾಡುವಷ್ಟರಲ್ಲಿ ಬೆಳಗಾಯಿತು. ಆಮೇಲೆ ಜಿಂಪ್‌ನಲ್ಲಿ ಇಡೀ ಹಾಳೆಯನ್ನು ಒಮ್ಮೆಗೇ ಇಂಡೆಕ್ಸ್ಡ್ ಮೋಡ್‌ಗೆ ಬದಲಿಸಿದೆ: 16 ಬಣ್ಣ, ಡಿದರಿಂಗ್ ಬೇಡ. ಕೊನೆಗೆ 'ರೀಅರೇಂಜ್ ಕಲರ್‌ಮ್ಯಾಪ್'ನಲ್ಲಿ ಮಜೆಂತಾವನ್ನು ಎಳೆದು ಸೊನ್ನೆ ನಂಬರಿಗೆ ಕೂರಿಸಿದೆ. ಹೊಟ್ಟೆಯ ಮೇಲಿನ ಎರಡು ಹತ್ತಿರದ ಹಳದಿಗಳು ಒಂದೇ ಆಗಿಬಿಟ್ಟವು. ಈ ಯಂತ್ರದಲ್ಲಿ ಕೆಂಪು, ಹಸಿರು, ನೀಲಿಗೆ ತಲಾ 32 ಹಂತ ಮಾತ್ರ. ಅದನ್ನು ಹಾಗೇ ಬಿಟ್ಟೆ.

ಹುಲಿ ಕುಣಿಯಿತು. ವಿಡಿಯೋ ಮಾಡಿ ತಂಗಿಗೆ ಕಳಿಸಿದೆ.

"ಹಾಗಾದ್ರೆ ಫಸ್ಟ್ ಕಳಿಸಿದ್ದೇ ಸರಿ ಇತ್ತಲ್ಲ?"

"ಇತ್ತು ಮಾರಾಯ್ತಿ. ತಪ್ಪು ನಂದೇ."

ಸ್ವಲ್ಪ ಹೊತ್ತು ಉತ್ತರವಿಲ್ಲ. ಆಮೇಲೆ, ಟೈಟಲ್ ಸ್ಕ್ರೀನಿನಲ್ಲಿ ತನ್ನ ಹೆಸರು ನನ್ನದಕ್ಕಿಂತ ಮೇಲೆ ಇರಬೇಕು ಎಂದಳು. ಹಾಕಿದ್ದೇನೆ. ಎದುರಾಳಿಯಾಗಿ ಬಿಳಿ ಹುಲಿಯೂ ಬೇಕಿತ್ತು. ಅದಕ್ಕೆ ಅವಳನ್ನು ಕಾಡಲಿಲ್ಲ, ಪ್ಯಾಲೆಟ್‌ನಲ್ಲಿ ಹಳದಿಯ ಜಾಗಕ್ಕೆ ಬಿಳಿ ಬರೆದೆ.