ಕಂದೂರಿ ಊಟ: ಐನೂರು ಜನರಿಗೆ ಸುಲಭ ಹಾಗೂ ಶುಚಿಯಾದ ಮಾಂಸದೂಟದ ಯೋಜನೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಊಟದ ಆಮಂತ್ರಣಗಳಿಗೆ ಕೊರತೆಯಿಲ್ಲ. ಹರಕೆ ಹೊತ್ತವರು ದರ್ಗಾದ ಹತ್ತಿರವೋ ತಮ್ಮ ಹೊಲದಲ್ಲಿಯೋ ಕುರಿ ಅಥವಾ ಹೋತ ಕೊಯ್ಯಿಸಿ ಬಂಧುಬಳಗಕ್ಕೆ ಊಟ ಹಾಕುವ ಪದ್ಧತಿಗೆ ಕಂದೂರಿ ಎಂದು ಹೆಸರು. ಮುಸಲ್ಮಾನರಷ್ಟೇ ಅಲ್ಲ, ಹಿಂದೂ ರೈತ ಕುಟುಂಬಗಳೂ ಕಂದೂರಿ ಮಾಡುವುದುಂಟು. ಆದುದರಿಂದ ಇದು ಅನೇಕ ಮನೆತನಗಳು ಒಂದೇ ಪಂಕ್ತಿಗೆ ಬರುವ ಊಟವಾಗಿದೆ.

ಇಂತಹ ಊಟದಲ್ಲಿ ಮೂರು ಬಗೆಯ ತೊಂದರೆ ಕಂಡುಬರುತ್ತವೆ. ಅಂದಾಜು ತಪ್ಪಿ ಖರ್ಚು ಕೈಮೀರುವುದು ಮೊದಲನೆಯದು. ಬೆಳೆಗೆಂದು ತಂದ ಸಾಲ ಊಟದ ಹಂಡೆ ಸೇರಿದರೆ ಮುಂದಿನ ಹಂಗಾಮಿನ ಬೀಜ ಗೊಬ್ಬರಕ್ಕೆ ಕೈಗಡ ಮಾಡಬೇಕಾಗುತ್ತದೆ. ಉಂಡವರಿಗೆ ಅದೇ ರಾತ್ರಿ ವಾಂತಿ ಭೇದಿ ಆಗುವುದು ಎರಡನೆಯದು. ಬಂದವರಲ್ಲಿ ಕೆಲವರು ತಮ್ಮ ನೇಮಕ್ಕೆ ಒಗ್ಗದ ಊಟವೆಂದು ಎಲೆ ಬಿಟ್ಟು ಏಳುವುದು ಮೂರನೆಯದು. ಈ ಮೂರಕ್ಕೂ ಉಪಾಯ ಒಂದೇ. ಅಡಿಗೆಗಳ ಸಂಖ್ಯೆ ಕಡಿಮೆ ಮಾಡಿ, ಬರುವವರಲ್ಲಿ ಅತಿ ಕಟ್ಟುನಿಟ್ಟಿನ ನೇಮವುಳ್ಳವರನ್ನು ಲೆಕ್ಕದಲ್ಲಿಟ್ಟುಕೊಂಡು ಮೊದಲೇ ಯೋಜನೆ ಹಾಕಬೇಕು.

ಉಣ್ಣುವವರ ನೇಮಗಳು

ಆಮಂತ್ರಿತರ ಪಟ್ಟಿ ಮಾಡುವಾಗ ತಲೆ ಎಣಿಸಿದರಷ್ಟೇ ಸಾಲದು. ಯಾರು ಏನು ಉಣ್ಣುತ್ತಾರೆಂಬುದನ್ನೂ ಬರೆದುಕೊಳ್ಳಬೇಕು. ಈ ಭಾಗದಲ್ಲಿ ಸಾಮಾನ್ಯವಾಗಿ ಕೆಳಗಿನ ನೇಮಗಳು ಕಂಡುಬರುತ್ತವೆ.

1. ಮುಸಲ್ಮಾನರು ಹಲಾಲ್ ಆದ ಮಾಂಸವನ್ನಷ್ಟೇ ಉಣ್ಣುತ್ತಾರೆ. ಪ್ರಾಣಿ ಜೀವಂತವಿರಬೇಕು, ದೇವರ ಹೆಸರು ಹೇಳಿ ಕೊರಳು ಕೊಯ್ಯಬೇಕು, ರಕ್ತ ಪೂರ್ತಿ ಹರಿದು ಹೋಗಬೇಕು. ದಖ್ಖನಿನ ಹಳ್ಳಿಗಳಲ್ಲಿ ಹಿಂದೂಗಳ ಮನೆಯ ಕುರಿಯನ್ನೂ ಊರ ಮುಲ್ಲಾನೇ ಕೊಯ್ದುಕೊಡುವ ರೂಢಿ ಹಿಂದಿನಿಂದ ಇದೆ. ಇದರಿಂದ ಒಂದೇ ಹಂಡೆಯ ಸಾರು ಇಬ್ಬರಿಗೂ ನಡೆಯುತ್ತದೆ, ಎರಡು ಮಾಂಸದ ಅಡಿಗೆ ಬೇಕಾಗುವುದಿಲ್ಲ.

2. ಲಿಂಗಾಯತರೂ ಇತರ ಶಾಕಾಹಾರಿಗಳೂ ಮಾಂಸ ಬೆಂದ ಪಾತ್ರೆಯಲ್ಲಿ ಮಾಡಿದ ಪಲ್ಯವನ್ನು ಮುಟ್ಟುವುದಿಲ್ಲ. ಇವರಿಗೆ ಒಲೆ, ಪಾತ್ರೆ, ಸೌಟು ಮತ್ತು ಬಡಿಸುವ ಕೈ ಎಲ್ಲವೂ ಬೇರೆಯಿರಬೇಕು.

3. ಜೈನ ಕುಟುಂಬಗಳಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗಡ್ಡೆ ಗೆಣಸು ಬಿಟ್ಟವರಿದ್ದಾರೆ. ಸೂರ್ಯ ಮುಳುಗಿದ ಮೇಲೆ ಉಣ್ಣದವರೂ ಇದ್ದಾರೆ. ಹಗಲೂಟ ಇಟ್ಟುಕೊಂಡು, ಶಾಕಾಹಾರದ ಬೇಳೆಯನ್ನು ಒಗ್ಗರಣೆಗೆ ಮೊದಲೇ ಸ್ವಲ್ಪ ತೆಗೆದಿಟ್ಟರೆ ಇವರಿಗೂ ಅನುಕೂಲ.

ಯೆಹೂದಿಯರ ಪದ್ಧತಿಯಿಂದ ಕಲಿಯತಕ್ಕದ್ದು

ನೇಮ ಕಠಿಣವಾದಷ್ಟೂ ಅಡಿಗೆ ಕಷ್ಟವೆಂದು ತಿಳಿಯಬೇಕಾಗಿಲ್ಲ. ಯೆಹೂದಿಯರ 'ಕೋಷರ್' ಊಟದ ವ್ಯವಸ್ಥೆ ಇದಕ್ಕೆ ಉತ್ತಮ ಉದಾಹರಣೆ. ಬೆಳಗಾವಿಗೆ ಪಶ್ಚಿಮಕ್ಕೆ ಘಟ್ಟ ಇಳಿದರೆ ಸಿಗುವ ಕೊಂಕಣ ಕರಾವಳಿಯಲ್ಲಿ, ಉತ್ತರಕ್ಕೆ ಅಲಿಬಾಗದ ಸುತ್ತಮುತ್ತ, ಬೆನೆ ಇಸ್ರೇಲ್ ಎಂಬ ಯೆಹೂದಿ ಸಮುದಾಯ ಶತಮಾನಗಳಿಂದ ನೆಲೆಸಿತ್ತು. ಗಾಣದಲ್ಲಿ ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಗಾಣ ಹೂಡದ್ದರಿಂದ ಅವರನ್ನು 'ಶನಿವಾರ ತೇಲಿ' ಎಂದು ಕರೆಯುತ್ತಿದ್ದರು. ಇವರಲ್ಲಿ ಬಹುಪಾಲು ಜನ 1948ರ ನಂತರ ಇಸ್ರೇಲಿಗೆ ತೆರಳಿದರು.

ಕೋಷರ್ ನೇಮದಂತೆ ಗೊರಸು ಸೀಳಿದ, ಮೆಲುಕು ಹಾಕುವ ಪ್ರಾಣಿ ಮಾತ್ರ ಊಟಕ್ಕೆ ಸಲ್ಲುತ್ತದೆ. ಕುರಿ, ಆಡು ಸಲ್ಲುತ್ತವೆ, ಹಂದಿ ಸಲ್ಲದು. ತರಬೇತಿ ಪಡೆದ ಯೆಹೂದಿಯೇ, ಅಲಗಿನಲ್ಲಿ ಒಂದು ಮುಕ್ಕೂ ಇಲ್ಲದ ಕತ್ತಿಯಿಂದ ಕೊಯ್ಯಬೇಕು. ಬಳಿಕ ಪುಪ್ಪುಸಗಳಲ್ಲಿ ದೋಷವಿದೆಯೇ ಎಂದು ಪರೀಕ್ಷಿಸುತ್ತಾರೆ. ನಿಷಿದ್ಧವಾದ ಕೊಬ್ಬು ಮತ್ತು ತೊಡೆಯ ನರವನ್ನು ಬಿಡಿಸಿ ತೆಗೆಯುತ್ತಾರೆ. ಮಾಂಸವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ದಪ್ಪ ಉಪ್ಪು ಸವರಿ ಒಂದು ಗಂಟೆ ಇಳಿಜಾರಾದ ಹಲಗೆಯ ಮೇಲಿಟ್ಟು ರಕ್ತ ಬಸಿಯುತ್ತಾರೆ. ನಂತರ ಮೂರು ಸಲ ತೊಳೆಯುತ್ತಾರೆ. ಯಕೃತ್ತಿನಲ್ಲಿ ರಕ್ತ ಹೆಚ್ಚಾದ್ದರಿಂದ ಅದನ್ನು ಕೆಂಡದ ಮೇಲೆ ಸುಡುತ್ತಾರೆ. ಮಾಂಸದ ಜೊತೆ ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದೂ ಕೂಡದು. ಹಾಲಿಗೂ ಮಾಂಸಕ್ಕೂ ಬೇರೆ ಬೇರೆ ಪಾತ್ರೆಗಳಿರುತ್ತವೆ. ಹಲಾಲ್ ಮಾಂಸವಾದರೂ ಅವರಲ್ಲಿ ಕಟ್ಟುನಿಟ್ಟಾದವರಿಗೆ ನಡೆಯುವುದಿಲ್ಲ.

ಇಷ್ಟೆಲ್ಲ ನಿರ್ಬಂಧಗಳಿದ್ದರೂ ಅವರ ಸಾಮೂಹಿಕ ಊಟ ಸರಳ. ಮೊಸರಿನ ಬದಲು ತೆಂಗಿನ ಹಾಲು, ತುಪ್ಪದ ಬದಲು ಎಣ್ಣೆ ಬಳಸಿ ಒಂದು ಮಾಂಸದ ಸಾರು ಮಾಡಿ, ಅದಕ್ಕೆ ಅನ್ನವನ್ನು ಜೊತೆಗಿಟ್ಟರೆ ಊಟವಾಯಿತು. ಅದೇ ಲೆಕ್ಕದಲ್ಲಿ ನೋಡಿದರೆ ನಮ್ಮ ಜೋಳದ ರೊಟ್ಟಿ, ಒಣಕೊಬ್ಬರಿ ಹಾಕಿದ ಸಾರು, ಶೇಂಗಾ ಚಟ್ನಿ ಇವುಗಳಲ್ಲಿ ಹಾಲಿನ ಅಂಶವೇ ಇಲ್ಲ. ಖೋವಾದಿಂದ ಮಾಡಿದ ಬೆಳಗಾವಿಯ ಕುಂದಾ, ತುಪ್ಪದಲ್ಲಿ ಮಾಡಿದ ಗೋಕಾಕದ ಕರದಂಟು ಮಾತ್ರ ಅಂತಹ ಪಂಕ್ತಿಗೆ ಬಾರವು. ಈ ಪದ್ಧತಿಯಿಂದ ರೈತರು ಕಲಿಯಬೇಕಾದುದೆಂದರೆ ಪಾತ್ರೆ ಬೇರೆ ಮಾಡುವ ಶಿಸ್ತು, ಕೊಯ್ದ ಪ್ರಾಣಿಯ ಒಳಗನ್ನು ಪರೀಕ್ಷಿಸುವ ರೂಢಿ ಮತ್ತು ಒಂದೇ ಅಡಿಗೆಯ ಸರಳತೆ.

ಕುರಿಗಳ ಆಯ್ಕೆ

ಕಣ್ಣಂದಾಜಿನಿಂದ ಕುರಿ ಕೊಳ್ಳುವುದು ನಷ್ಟಕ್ಕೆ ದಾರಿ. ತೂಕ ಮಾಡಿಸಿಯೇ ಕೊಳ್ಳಬೇಕು. ಸಾಮಾನ್ಯ ಮೈಕಟ್ಟಿನ ಕುರಿಯ ಜೀವತೂಕದಲ್ಲಿ ಶೇಕಡಾ 45ರಿಂದ 50ರಷ್ಟು ಮಾತ್ರ ಎಲುಬು ಸಹಿತ ಮಾಂಸ ಸಿಗುತ್ತದೆ. 25 ಕಿಲೋ ತೂಗುವ ಟಗರಿನಿಂದ ಸುಮಾರು 11.5 ಕಿಲೋ ಮಾಂಸ ದೊರೆಯುವುದೆಂದು ಹಿಡಿಯಬಹುದು.

ಕಣ್ಣು ಚುರುಕಾಗಿರುವ, ಮೂಗು ಸೋರದ, ಸರಿಯಾಗಿ ಮೇಯುವ ಪ್ರಾಣಿಯನ್ನೇ ಆರಿಸಬೇಕು. ಇತ್ತೀಚೆಗೆ ಔಷಧಿ ಅಥವಾ ಸೂಜಿ ಹಾಕಿಸಿದ ಕುರಿಯಾದರೆ ಎಷ್ಟು ದಿನ ಬಿಟ್ಟು ಕೊಯ್ಯಬೇಕೆಂದು ಪಶುವೈದ್ಯರನ್ನು ಕೇಳಬೇಕು. ಸತ್ತ ಅಥವಾ ಸಾಯುತ್ತಿರುವ ಕುರಿಯನ್ನು ಯಾವ ಕಾರಣಕ್ಕೂ ಊಟಕ್ಕೆ ಬಳಸಕೂಡದು. ತಟ್ಟನೆ ಸತ್ತು ಮೂಗು, ಗುದದ್ವಾರಗಳಿಂದ ರಕ್ತ ಸುರಿದಿದ್ದರೆ ನೆರಡಿ ರೋಗವಿರಬಹುದು. ಅಂತಹ ಹೆಣವನ್ನು ಕೊಯ್ಯದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು.

ಕೊಯ್ಯುವ ಮುನ್ನ 12 ಗಂಟೆ ಮೇವು ನಿಲ್ಲಿಸಿ ನೀರು ಮಾತ್ರ ಕುಡಿಸಬೇಕು. ಹೊಟ್ಟೆ ಬರಿದಾಗಿದ್ದರೆ ಕರುಳು ಬಿಡಿಸುವಾಗ ಸಗಣಿ ಮಾಂಸಕ್ಕೆ ತಾಗುವ ಸಂಭವ ಕಡಿಮೆ. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿ ಕೊಡುವುದನ್ನು 1959ರ ಕರ್ನಾಟಕ ಪ್ರಾಣಿಬಲಿ ತಡೆ ಕಾಯಿದೆ ನಿಷೇಧಿಸಿದೆ ಎಂಬುದೂ ನೆನಪಿರಬೇಕು.

ಬೇಕಾಗುವ ಸಾಮಾನು

500 ಜನರಲ್ಲಿ 350 ಜನ ಮಾಂಸಾಹಾರಿಗಳು, 150 ಜನ ಶಾಕಾಹಾರಿಗಳು ಎಂದಿಟ್ಟುಕೊಳ್ಳೋಣ. ತಲೆಗೆ 150 ಗ್ರಾಂನಂತೆ 52.5 ಕಿಲೋ ಮಾಂಸ ಬೇಕು. ಶೇಕಡಾ 10ರಷ್ಟು ಹೆಚ್ಚಿಗೆ ಹಿಡಿದರೆ ಸುಮಾರು 58 ಕಿಲೋ ಆಗುತ್ತದೆ. ಅಂದರೆ 25 ಕಿಲೋ ತೂಕದ 5 ಕುರಿಗಳು ಸಾಕು. ಉಳಿದ ಸಾಮಾನಿನ ಅಂದಾಜು ಹೀಗಿದೆ.

ಮಾಂಸದ ಸಾರಿಗೆ:
ಉಳ್ಳಾಗಡ್ಡಿ – 12 ಕಿಲೋ
ಒಣಕೊಬ್ಬರಿ – 3 ಕಿಲೋ
ಬೆಳ್ಳುಳ್ಳಿ – 1.5 ಕಿಲೋ
ಹಸಿಶುಂಠಿ – 1 ಕಿಲೋ
ಕಾರದ ಪುಡಿ – 1.5 ಕಿಲೋ
ಅರಿಷಿಣ – 250 ಗ್ರಾಂ
ಉಪ್ಪು – 1.5 ಕಿಲೋ
ಎಣ್ಣೆ – 5 ಲೀಟರ್

ಶಾಕಾಹಾರಕ್ಕೆ:
ತೊಗರಿ ಬೇಳೆ – 5 ಕಿಲೋ
ಬದನೆಕಾಯಿ – 15 ಕಿಲೋ

ಎಲ್ಲರಿಗೂ:
ಜೋಳದ ಹಿಟ್ಟು – 70 ಕಿಲೋ (ತಲೆಗೆ 2 ರೊಟ್ಟಿ)
ಅಕ್ಕಿ – 40 ಕಿಲೋ

ಕಾರದ ಪುಡಿಗೆ ಬಣ್ಣಕ್ಕಾಗಿ ಬ್ಯಾಡಗಿ, ಖಾರಕ್ಕಾಗಿ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಮೆಣಸಿನಕಾಯಿ ಬೆರೆಸಿದರೆ ಸಾಕು, ಬಣ್ಣದ ಪುಡಿ ಸೇರಿಸಬೇಕಾಗಿಲ್ಲ. ಕಟಕ ರೊಟ್ಟಿಯನ್ನು ಎರಡು ಮೂರು ದಿನ ಮೊದಲೇ ಬಡಿದು ಒಣಗಿಸಿಟ್ಟರೆ ಊಟದ ದಿನ ಹೆಣ್ಣುಮಕ್ಕಳ ದುಡಿಮೆ ಬಹುಪಾಲು ಇಳಿಯುತ್ತದೆ. ರೊಟ್ಟಿ, ಅನ್ನ, ಶೇಂಗಾ ಚಟ್ನಿ ಎಲ್ಲರಿಗೂ ಸಾಮಾನ್ಯವಾದುದರಿಂದ ಇವುಗಳನ್ನು ಶಾಕಾಹಾರದ ಒಲೆಯ ಕಡೆಯೇ ಮಾಡಿಸಬೇಕು. ಮಜ್ಜಿಗೆ, ಸಿಹಿ ತಿನಿಸುಗಳೂ ಅಲ್ಲಿಯೇ ಇರಲಿ.

ನೀರು

ಕುಡಿಯಲು, ಅಡಿಗೆಗೆ, ಕೈ ಮತ್ತು ಪಾತ್ರೆ ತೊಳೆಯಲು ತಲೆಗೆ 8 ಲೀಟರಿನಂತೆ 4,000 ಲೀಟರ್ ನೀರು ಬೇಕು. ಘಟಪ್ರಭಾ ಕಾಲುವೆಯ ನೀರನ್ನು ನೇರವಾಗಿ ಕುಡಿಯಲು ಇಡಬಾರದು. ತಿಳಿಯಾದ ಬಾವಿ ಅಥವಾ ಕೊಳವೆ ಬಾವಿಯ ನೀರಿಗೆ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ, ತಿಳಿಯನ್ನಷ್ಟೇ ಸೇರಿಸಿ, ಒಂದು ಗಂಟೆ ಬಿಟ್ಟು ಬಳಸಬೇಕು.

ವೇಳಾಪಟ್ಟಿ

ಮಧ್ಯಾಹ್ನ 12.30ಕ್ಕೆ ಮೊದಲ ಪಂಕ್ತಿ ಕೂರುವಂತೆ ಕೆಲಸ ಹೊಂದಿಸಬೇಕು.

ಹಿಂದಿನ ದಿನ: ಮಸಾಲೆ ಅರೆಯುವುದು, ನೀರು ತುಂಬುವುದು, ತ್ಯಾಜ್ಯಕ್ಕೆ ಕುಣಿ ತೋಡುವುದು.
ಬೆಳಿಗ್ಗೆ 6ರಿಂದ 7.30: ಕುರಿ ಕೊಯ್ದು ಸುಲಿಯುವುದು.
7.30ರಿಂದ 9: ಒಳ ಅಂಗಗಳ ಪರೀಕ್ಷೆ, ಮಾಂಸ ಕತ್ತರಿಸುವುದು.
9ರಿಂದ: ಮಾಂಸ ಒಲೆಗೆ ಏರಿಸುವುದು.
10.30: ಬೇಳೆ, ಪಲ್ಯ, ನಂತರ ಅನ್ನ.
12.30ರಿಂದ 3: ಊಟ.

58 ಕಿಲೋ ಮಾಂಸವನ್ನು ಒಂದೇ ದೊಡ್ಡ ಹಂಡೆಯಲ್ಲಿ ಬೇಯಿಸುವುದಕ್ಕಿಂತ ಮೂರು ಪಾತ್ರೆಗಳಲ್ಲಿ ಹಂಚುವುದು ಒಳಿತು. ಚಿಕ್ಕ ಪಾತ್ರೆಯಲ್ಲಿ ಮಾಂಸ ಸಮನಾಗಿ ಬೇಯುತ್ತದೆ. ಮೂರನೆಯ ಪಾತ್ರೆಯನ್ನು ಒಂದು ಗಂಟೆ ತಡವಾಗಿ ಏರಿಸಿದರೆ ಕೊನೆಯ ಪಂಕ್ತಿಗೂ ಬಿಸಿ ಸಾರು ಸಿಗುತ್ತದೆ.

ವಿಷಾಹಾರ ತಡೆಯುವ ಬಗೆ

ಮಾಂಸ ಚೆನ್ನಾಗಿ ಬೆಂದಿತ್ತು, ಆದರೂ ಭೇದಿ ಏಕಾಯಿತು ಎಂದು ಅನೇಕರು ಕೇಳುತ್ತಾರೆ. ಕೆಲವು ಸೂಕ್ಷ್ಮಜೀವಿಗಳ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ದೊಡ್ಡ ಹಂಡೆಯ ಸಾರು ನಿಧಾನವಾಗಿ ಆರುವಾಗ ಇವು ಮೊಳೆತು ಲಕ್ಷಗಟ್ಟಲೆ ಹೆಚ್ಚುತ್ತವೆ. ಬಡಿಸುವವರ ಕೈಯ ಕೀವಿನ ಗಾಯದಿಂದ ಸೇರುವ ಜೀವಿಗಳು ಬಿಡುವ ವಿಷವಂತೂ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಆದುದರಿಂದ:

1. ಬೆಂದ ಅಡಿಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ಕೆಂಡದ ಮೇಲಿಡಬೇಕು. ಹಬೆ ಏಳುತ್ತಲೇ ಇರಬೇಕು.
2. ಹಸಿ ಮಾಂಸ ಕತ್ತರಿಸಿದ ಹಲಗೆ, ಕತ್ತಿಗಳಲ್ಲಿ ಉಳ್ಳಾಗಡ್ಡಿ, ಕೊತ್ತಂಬರಿ ಹೆಚ್ಚಕೂಡದು.
3. ಕೈಯಲ್ಲಿ ಗಾಯ ಇರುವವರು, ಭೇದಿಯಾದವರು ಅಡಿಗೆಗೂ ಬಡಿಸಲಿಕ್ಕೂ ನಿಲ್ಲಬಾರದು.
4. ಅನ್ನವನ್ನು ಒಮ್ಮೆಲೇ ಮಾಡಿ ರಾಶಿ ಹಾಕದೆ ಎರಡು ಮೂರು ಸಲ ಮಾಡಬೇಕು.
5. ಉಳಿದ ಸಾರನ್ನು ರಾತ್ರಿಗೆಂದು ಹಂಡೆಯಲ್ಲಿಯೇ ಬಿಡಬಾರದು, ಆರಿದ್ದನ್ನು ಬೀಗರಿಗೆ ಕಟ್ಟಿ ಕಳಿಸಲೂಬಾರದು. ಬಿಸಿಯಿರುವಾಗಲೇ ಹಂಚಿ, ಅದೇ ಹೊತ್ತಿನಲ್ಲಿ ಉಣ್ಣಲು ತಿಳಿಸಬೇಕು.

ಯಾರಿಗಾದರೂ ವಾಂತಿ ಭೇದಿಯಾದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಮರ್ಯಾದೆಗೆ ಅಂಜಿ ಮುಚ್ಚಿಡುವುದು ಅಪಾಯಕರ. ಬೇಗ ತಿಳಿಸಿದರೆ ಉಳಿದವರಿಗೂ ಸಕಾಲದಲ್ಲಿ ಚಿಕಿತ್ಸೆ ಸಿಗುತ್ತದೆ.

ತ್ಯಾಜ್ಯ ವಿಲೇವಾರಿ

ಯಕೃತ್ತು, ಪುಪ್ಪುಸಗಳಲ್ಲಿ ನೀರು ತುಂಬಿದ ಗುಳ್ಳೆಗಳು ಕಂಡರೆ ಆ ಅಂಗವನ್ನು ಬೇಯಿಸಲೂಬಾರದು, ನಾಯಿಗೆ ಎಸೆಯಲೂಬಾರದು. ಅದನ್ನು ತಿಂದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆಗಳು ಸಗಣಿಯ ಮೂಲಕ ಮೇವಿಗೂ ಮಕ್ಕಳ ಕೈಗೂ ತಗಲುತ್ತವೆ. ಮನುಷ್ಯರ ಯಕೃತ್ತಿನಲ್ಲಿಯೂ ಇಂತಹದೇ ಗುಳ್ಳೆ ಬೆಳೆದು ಶಸ್ತ್ರಚಿಕಿತ್ಸೆಯ ಅವಶ್ಯಕತೆ ಬರಬಹುದು. ಬಾವಿ, ಕಾಲುವೆಗಳಿಂದ ದೂರದಲ್ಲಿ ಒಂದೂವರೆ ಮೀಟರ್ ಆಳದ ಕುಣಿ ತೋಡಿ ತ್ಯಾಜ್ಯವನ್ನು ಹೂಳಿ, ಮೇಲೆ ಸುಣ್ಣ ಮತ್ತು ಮಣ್ಣು ಹಾಕಿ ಕಲ್ಲು ಹೇರಬೇಕು.

ಕೊನೆಯದಾಗಿ, ಐದು ಕುರಿಯಲ್ಲಿ ಮುಗಿಯುವ ಊಟಕ್ಕೆ ಎಂಟು ಕುರಿ ಕೊಯ್ದರೆ ಹರಕೆಯ ಫಲ ಹೆಚ್ಚುವುದಿಲ್ಲ, ಸಾಲ ಮಾತ್ರ ಹೆಚ್ಚುತ್ತದೆ. ಒಂದು ಮಾಂಸದ ಸಾರು, ಒಂದು ಬೇಳೆ, ಒಂದು ಪಲ್ಯ, ರೊಟ್ಟಿ ಮತ್ತು ಅನ್ನ ಇಷ್ಟನ್ನೇ ಶುಚಿಯಾಗಿ, ಬಿಸಿಯಾಗಿ, ಅವರವರ ನೇಮಕ್ಕೆ ತಕ್ಕಂತೆ ಬಡಿಸಿದಲ್ಲಿ ಬಂದವರು ತೃಪ್ತಿಯಿಂದ ಉಂಡು ಆರೋಗ್ಯವಾಗಿ ಮನೆ ಸೇರುವರು. ಊಟ ಹಾಕಿದ ರೈತನೂ ಮುಂಗಾರಿನ ಬೀಜಕ್ಕೆ ಕೈಯಲ್ಲಿ ಹಣ ಉಳಿಸಿಕೊಳ್ಳಬಹುದು.