ನಿಮಗಿದು ಗೊತ್ತೆ? ಪುಟ್ಟ ಸಾಧನಗಳ ಥ್ರೆಡ್ ಪರೀಕ್ಷೆ
ರೌಟರ್, ಸೆಟ್‌ಟಾಪ್ ಬಾಕ್ಸ್‌ಗಳಂಥ ಎಂಬೆಡೆಡ್ ಲಿನಕ್ಸ್ ಸಾಧನಗಳಲ್ಲಿ ಮೆಮೊರಿ ಕಡಿಮೆಯಿರುವುದರಿಂದ, ಪ್ರೋಗ್ರಾಮಿಗೂ ಕರ್ನಲ್‌ಗೂ ನಡುವಿನ ಕೊಂಡಿಯಾದ ಸಿ ಲೈಬ್ರರಿಯಾಗಿ ದೊಡ್ಡ ಗಾತ್ರದ ಜಿಲಿಬ್‌ಸಿಯ ಬದಲು ಯುಸಿಲಿಬ್‌ಸಿ, ಮಸಲ್‌ಗಳಂಥ ಚಿಕ್ಕ ಲೈಬ್ರರಿಗಳನ್ನು ಬಳಸುವುದು ವಾಡಿಕೆ. ಆದರೆ ಥ್ರೆಡ್‌ಗಳ ವಿಷಯದಲ್ಲಿ, ಎಂದರೆ ಒಂದೇ ಪ್ರೋಗ್ರಾಮಿನೊಳಗೆ ಒಂದೇ ಮೆಮೊರಿಯನ್ನು ಹಂಚಿಕೊಂಡು ಜೊತೆಜೊತೆಗೆ ಸಾಗುವ ಕೆಲಸದ ಎಳೆಗಳ ವಿಷಯದಲ್ಲಿ, ಇವೆಲ್ಲ ಒಂದೇ ಬಗೆಯಾಗಿ ವರ್ತಿಸುವುದಿಲ್ಲ.

ಹಳೆಯ ‘ಲಿನಕ್ಸ್‌ಥ್ರೆಡ್ಸ್’ ವ್ಯವಸ್ಥೆಯಲ್ಲಿ ಪ್ರತಿಯೊಂದು ಥ್ರೆಡ್ ಕರ್ನಲ್‌ನ ಕಣ್ಣಿಗೆ ಬೇರೆ ಪ್ರೋಸೆಸ್ ಆಗಿಯೇ ಕಾಣುತ್ತಿದ್ದುದರಿಂದ, ಪೋಸಿಕ್ಸ್ ಮಾನದಂಡಕ್ಕೆ ವಿರುದ್ಧವಾಗಿ, ಒಂದೊಂದು ಥ್ರೆಡ್‌ಗೂ ಪ್ರತ್ಯೇಕ ಪ್ರೋಸೆಸ್ ಸಂಖ್ಯೆ ದೊರೆಯುತ್ತಿತ್ತು. ಹೀಗಾಗಿ ಎರಡು ಥ್ರೆಡ್ ಹುಟ್ಟಿಸಿ ಎರಡರಿಂದಲೂ ಆ ಸಂಖ್ಯೆಯನ್ನು ಮುದ್ರಿಸುವ ಹತ್ತಾರು ಸಾಲಿನ ಪ್ರೋಗ್ರಾಮೇ ಸಾಕಷ್ಟು ಒಳ್ಳೆಯ ಪರೀಕ್ಷೆ: ಸಂಖ್ಯೆಗಳು ಬೇರೆಯಾದರೆ ವ್ಯವಸ್ಥೆ ಹಳೆಯದು, ಒಂದೇ ಆದರೆ ಹೊಸ ‘ಎನ್‌ಪಿಟಿಎಲ್’ ಬಗೆಯದು. ಯುಸಿಲಿಬ್‌ಸಿಗೆ ಎನ್‌ಪಿಟಿಎಲ್ ಸೇರಿದ್ದು 2011ರ 0.9.32ನೆಯ ಆವೃತ್ತಿಯಲ್ಲಿ.

ಇದಕ್ಕಿಂತ ಹೆಚ್ಚು ಕಾಡುವುದು ಸ್ಟ್ಯಾಕ್, ಅಂದರೆ ಥ್ರೆಡ್ ತನ್ನ ತಾತ್ಕಾಲಿಕ ದತ್ತಾಂಶವನ್ನಿಡುವ ಜಾಗ. ಡೆಸ್ಕ್‌ಟಾಪಿನ ಜಿಲಿಬ್‌ಸಿ ಸಾಮಾನ್ಯವಾಗಿ ಥ್ರೆಡ್‌ಗೆ 8 ಎಂಬಿ ಮೀಸಲಿಟ್ಟರೆ ಈಗಿನ ಮಸಲ್ ಕೊಡುವುದು ಬರೀ 128 ಕೆಬಿ. ಆದ್ದರಿಂದ ಥ್ರೆಡ್‌ನೊಳಗೆ ದೊಡ್ಡ ಅರೇ ಇಟ್ಟ ಪ್ರೋಗ್ರಾಮು ಡೆಸ್ಕ್‌ಟಾಪಿನಲ್ಲಿ ಸಲೀಸಾಗಿ ಓಡಿ ಸಾಧನದಲ್ಲಿ ಕುಸಿಯಬಹುದು. ಸ್ಟ್ಯಾಕಿನ ಗಾತ್ರವನ್ನು ಪ್ರೋಗ್ರಾಮಿನಲ್ಲೇ ನಿಗದಿಪಡಿಸಿದರೆ ಈ ತೊಡಕಿಲ್ಲ. ಬೀಗದ ಕೆಲಸ ಮಾಡುವ ಮ್ಯೂಟೆಕ್ಸ್‌ನ ಪರೀಕ್ಷೆಯನ್ನಂತೂ ಬಹುಕೋರ್ ಪ್ರೊಸೆಸರಿನಲ್ಲಿಯೂ ನಡೆಸಬೇಕಾಗುತ್ತದೆ, ಏಕೆಂದರೆ ಒಂದೇ ಕೋರ್ ಇರುವಲ್ಲಿ ಎರಡು ಥ್ರೆಡ್ ನಿಜವಾಗಿ ಏಕಕಾಲಕ್ಕೆ ಓಡದೆ ಅನೇಕ ದೋಷಗಳು ಅಡಗಿಯೇ ಉಳಿಯುತ್ತವೆ.