ಯಲ್ಲಾಪುರದ ಒತ್ತಕ್ಷರ ಕೂಡಿಕೊಂಡ ಕತೆ

ಶಿರಸಿ ಎಂಬ ಹೆಸರಿನಲ್ಲಿ ಒತ್ತಕ್ಷರವಿಲ್ಲ. ಸಿದ್ದಾಪುರದಲ್ಲಿ ಒಂದಿದೆ, ಯಲ್ಲಾಪುರದಲ್ಲೂ ಒಂದಿದೆ. ಘಟ್ಟದ ಮೇಲಿನ ಮೂರು ತಾಲೂಕುಗಳ ನಡುವೆ ಇಂಥದ್ದೊಂದು ವ್ಯತ್ಯಾಸ ಹುಡುಕುವವರು ಯಾರೂ ಇರಲಿಕ್ಕಿಲ್ಲ. ಆದರೆ ಇಪ್ಪತ್ತು ವರ್ಷದ ಹಿಂದೆ ಬ್ರೌಸರ್ ತೆರೆದು ಕನ್ನಡ ಓದಲು ಕೂತವರಿಗೆ ಅದು ಕಣ್ಣಿಗೆ ರಾಚುತ್ತಿತ್ತು. ಶಿರಸಿಯ ಗುಡಿಸು ಹೆಚ್ಚೆಂದರೆ ಒಂಚೂರು ಆಚೆ ಜರುಗಿ ಕೂರುತ್ತಿತ್ತು. ಉಳಿದೆರಡು ಊರುಗಳು ಮಾತ್ರ ‘ಸಿದ್‌ದಾಪುರ’, ‘ಯಲ್‌ಲಾಪುರ’ ಆಗಿಬಿಡುತ್ತಿದ್ದವು. ಅಡಿಕೆ ಧಾರಣೆ ನೋಡಲು ಹೋದರೂ ಅದೇ ಪಾಡು. ರಾಶಿ, ಚಾಲಿ ಹೇಗೋ ಬಚಾವು. ತಟ್ಟಿಬೆಟ್ಟೆ ಎರಡು ಕಡೆ ಹರಿದು ‘ತಟ್‌ಟಿಬೆಟ್‌ಟೆ’ ಆಗುತ್ತಿತ್ತು.

ಇವತ್ತು ಮೊಬೈಲಿನಲ್ಲಿ ಈ ಹೆಸರುಗಳು ಅಚ್ಚುಕಟ್ಟಾಗಿ ಬರುತ್ತವೆ. ಬ್ರೌಸರ್ ಕಂಪನಿಗಳು ಪೂರ್ತಿ ಸಿದ್ಧವಾಗುವ ಮೊದಲೇ ‘ಬೀಟಾ’ ಎಂಬ ಹಣೆಪಟ್ಟಿ ಹಚ್ಚಿ ಹೊಸ ಆವೃತ್ತಿಯನ್ನು ಜನರ ಕೈಗೆ ಕೊಡುತ್ತವೆ, ಜನ ಬಳಸುತ್ತಾರೆ, ಬೈಯುತ್ತಾರೆ, ಕೆಲವರು ಬೈಗುಳವನ್ನು ಬರೆದು ಕಳಿಸುತ್ತಾರೆ. ಕನ್ನಡದ ಒತ್ತು ಕೂಡಿಕೊಂಡದ್ದರಲ್ಲಿ ಹೀಗೆ ಬರೆದು ಕಳಿಸಿದವರ ಪಾಲೂ ಇದೆ. ಬರೀ ಬೈದು ಸುಮ್ಮನಾದ ನಮ್ಮಂಥವರದ್ದು ಇಲ್ಲ.

ಮೊದಲು ತೊಡಕು ಎಲ್ಲಿತ್ತು ಎಂಬುದನ್ನು ನೋಡಬೇಕು. ಯುನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿತ್ತು. ಆದರೆ ಯುನಿಕೋಡ್‌ನಲ್ಲಿ ‘ಲ್ಲ’ ಎಂಬ ಒಂದು ಅಕ್ಷರ ಇಲ್ಲ. ಅಲ್ಲಿರುವುದು ಒಂದು ಲ, ಒಂದು ಹಲಂತ ಚಿಹ್ನೆ, ಮತ್ತೊಂದು ಲ. ಈ ಮೂರನ್ನು ನೋಡಿ ಎರಡನೆಯ ಲಕಾರವನ್ನು ಒತ್ತಾಗಿ ಕೆಳಗೆ ಇಳಿಸುವ ಕೆಲಸ ಕಂಪ್ಯೂಟರಿನೊಳಗಿನ ಒಂದು ತಂತ್ರಾಂಶದ್ದು. ಫಾಂಟು ಅದಕ್ಕೆ ಜೊತೆ ಕೊಡುತ್ತದೆ. ಆ ತಂತ್ರಾಂಶ ಇಲ್ಲದಿದ್ದರೆ, ಇದ್ದೂ ಬ್ರೌಸರ್ ಅದನ್ನು ಕರೆಯದಿದ್ದರೆ, ಅಕ್ಷರಗಳು ಪಂಕ್ತಿಯಲ್ಲಿ ಸುಮ್ಮನೆ ಪಕ್ಕಪಕ್ಕ ಕೂತುಬಿಡುತ್ತವೆ.

ಆದ್ದರಿಂದ ಮೊದಮೊದಲು ಯಾರೂ ಯುನಿಕೋಡ್ ತಂಟೆಗೆ ಹೋಗಲಿಲ್ಲ. ಡಾ. ಯು.ಬಿ. ಪವನಜ ಅವರು 1996ರ ಡಿಸೆಂಬರಿನಲ್ಲಿ ‘ವಿಶ್ವಕನ್ನಡ’ ಶುರುಮಾಡಿದರು. ಕನ್ನಡದ ಮೊದಲ ಅಂತರಜಾಲ ಪತ್ರಿಕೆ ಅದೇ. ಎರಡು ವರ್ಷ ಕಳೆದು ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ ಕೊಟ್ಟರು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಆ ಕಾಲದ ಜಾಲತಾಣಗಳಲ್ಲಿ ಒಬ್ಬೊಬ್ಬರದ್ದು ಒಂದೊಂದು ಫಾಂಟು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ಮಾಡಿದ ಉಪಾಯ ಅದು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಪುಟದ ಜೊತೆ ತಾನೇ ಇಳಿದು ಬರುವ ಫಾಂಟುಗಳೂ ಇದ್ದವು. ಅದರಲ್ಲೂ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಒಂದು ಬಗೆ, ನೆಟ್‌ಸ್ಕೇಪ್‌ಗೆ ಮತ್ತೊಂದು. ಒಂದರಲ್ಲಿ ನೆಟ್ಟಗೆ ಕಂಡದ್ದು ಇನ್ನೊಂದರಲ್ಲಿ ಕಾಣಬೇಕೆಂದಿರಲಿಲ್ಲ.

ಮೈಕ್ರೋಸಾಫ್ಟ್ 2001ರಲ್ಲಿ ತಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು, ಒತ್ತು ಕೂಡಿಸುವ ವ್ಯವಸ್ಥೆ ಎರಡೂ ಇದ್ದವು. ಆದರೆ ಅದು ತಾನಾಗಿ ಎಚ್ಚರಗೊಳ್ಳುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಗಳ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂದಿರುವ ಚೌಕಕ್ಕೆ ಗುರುತು ಹಾಕಬೇಕು. ಹಾಕಿದ ಕೂಡಲೇ ಅದು ಎಕ್ಸ್‌ಪಿಯ ಸಿಡಿ ಕೇಳುತ್ತದೆ. ಸೈಬರ್ ಕೆಫೆಗಳಲ್ಲಿ ಆ ಸಿಡಿ ಎಲ್ಲಿಂದ ಬರಬೇಕು? ಕಂಪ್ಯೂಟರ್ ಜೋಡಿಸಿ ಕೊಟ್ಟು ಹೋದವನ ಚೀಲದಲ್ಲಿ ಅದು ಹುಬ್ಬಳ್ಳಿಗೆ ಹೋಗಿರುತ್ತಿತ್ತು. ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಕೂತವರು ಚೂರಾದ ಅಕ್ಷರಗಳನ್ನೇ ಮನಸ್ಸಿನಲ್ಲಿ ಜೋಡಿಸಿಕೊಂಡು ಓದಿ ಎದ್ದು ಬರುತ್ತಿದ್ದರು. ‘ಎಂತ ಆತೋ, ಒತ್ತು ಒಂದೂ ಸರಿ ಬತ್ತಿಲ್ಲೆ’ ಎಂದು ಗೊಣಗಿದ್ದು ಕೆಫೆಯ ಹುಡುಗನ ಹತ್ತಿರ. ಅವನಾದರೂ ಏನು ಮಾಡಿಯಾನು!

ಹೀಗಿರುವಾಗ ಫೈರ್‌ಫಾಕ್ಸ್ 3ರ ಬೀಟಾ ಬಂತು. ಮೊದಲ ಬೀಟಾ 2007ರ ನವೆಂಬರಿನಲ್ಲಿ, ಐದನೆಯದು 2008ರ ಏಪ್ರಿಲಿನಲ್ಲಿ. ಅದಕ್ಕೂ ಹಿಂದಿನ ಫೈರ್‌ಫಾಕ್ಸ್‌ನಲ್ಲಿ ಒಂದು ವಿಚಿತ್ರ ಕಾಟವಿತ್ತು. ಪುಟದ ಎರಡೂ ಅಂಚು ಸಮನಾಗಿರಲಿ ಎಂದು ಜಾಲತಾಣದವರು ಸಾಲುಗಳನ್ನು ‘ಜಸ್ಟಿಫೈ’ ಮಾಡಿದ್ದರೆ, ಬ್ರೌಸರ್ ಪದಗಳ ನಡುವೆ ಜಾಗ ಬಿಡುವ ಭರದಲ್ಲಿ ಅಕ್ಷರಗಳನ್ನೂ ಬಿಡಿಸಿ ಹಾಕುತ್ತಿತ್ತು. ಎಡಕ್ಕೆ ಮಾತ್ರ ಸಮನಾಗಿಸಿದ ಪುಟ ಸರಿಯಾಗಿ ಕಾಣುತ್ತಿತ್ತು, ಎರಡೂ ಕಡೆ ಸಮನಾಗಿಸಿದ್ದು ಚೆಲ್ಲಾಪಿಲ್ಲಿ. ಲಿನಕ್ಸ್‌ನಲ್ಲಿ ಇನ್ನೂ ಕಷ್ಟ. ಅಲ್ಲಿ ಫೈರ್‌ಫಾಕ್ಸ್ ಶುರುಮಾಡುವ ಮೊದಲು ‘ಪ್ಯಾಂಗೋ’ ಎಂಬ ವ್ಯವಸ್ಥೆಯನ್ನು ಆದೇಶ ಕೊಟ್ಟು ಚಾಲೂ ಮಾಡಬೇಕಿತ್ತು, ಗೊತ್ತಿದ್ದವರು ಮಾಡುತ್ತಿದ್ದರು. ಕನ್ನಡವೊಂದೇ ಅಲ್ಲ, ತಮಿಳು, ಹಿಂದಿ ಓದುಗರೂ ಇದೇ ಗೋಳು ತೋಡಿಕೊಳ್ಳುತ್ತಿದ್ದರು. ಫೈರ್‌ಫಾಕ್ಸ್ ರೂಪಿಸುವ ಮೊಜಿಲ್ಲಾದವರು 3ನೇ ಆವೃತ್ತಿಗಾಗಿ ಅಕ್ಷರ ಮೂಡಿಸುವ ಭಾಗವನ್ನು ಬುಡದಿಂದ ಹೊಸದಾಗಿ ಬರೆದರು. ಬೀಟಾ ಹಾಕಿಕೊಂಡವರಿಗೆ ಅಂಚು ಸಮನಾಗಿದ್ದೂ ಒತ್ತು ಕೂಡಿಕೊಂಡಿರುವ ಕನ್ನಡ ಕಂಡಿತು.

ತಮಾಷೆಯೆಂದರೆ, ಆ ಬೀಟಾ ಬಗ್ಗೆ ಜಗತ್ತಿನಲ್ಲಿ ಎದ್ದ ಗಲಾಟೆಯೇ ಬೇರೆ. ವಿಳಾಸ ಬರೆಯುವ ಪಟ್ಟಿಯನ್ನು ಅವರು ಬದಲಿಸಿದ್ದರು. ಒಂದೆರಡು ಅಕ್ಷರ ಒತ್ತಿದರೆ ಸಾಕು, ಹಿಂದೆ ನೋಡಿದ ಪುಟಗಳ ಹೆಸರುಗಳಲ್ಲೆಲ್ಲ ಹುಡುಕಿ ಉದ್ದದ ಯಾದಿ ಚಾಚುತ್ತಿತ್ತು. ‘ಆಸಮ್ ಬಾರ್’ ಎಂದು ಕಂಪನಿಯವರೇ ಅದಕ್ಕೆ ಹೊಗಳಿಕೆಯ ಹೆಸರಿಟ್ಟರು. ಹಳೆಯ ಬಳಕೆದಾರರು ಅದನ್ನು ಕಂಡು ಸಿಡಿದರು. ಹಳೆಯದೇ ರೂಪ ಬೇಕೆಂದವರಿಗಾಗಿ ‘ಓಲ್ಡ್‌ಬಾರ್’ ಎಂಬ ಆಡ್-ಆನ್ ಕೂಡ ಹುಟ್ಟಿತು. 2008ರ ಜೂನ್ 17ಕ್ಕೆ ಅಂತಿಮ ಆವೃತ್ತಿ ಹೊರಬಿದ್ದಾಗ ಒಂದೇ ದಿನದಲ್ಲಿ 80 ಲಕ್ಷಕ್ಕೂ ಹೆಚ್ಚು ಮಂದಿ ಇಳಿಸಿಕೊಂಡು ಗಿನ್ನೆಸ್ ದಾಖಲೆಯಾಯಿತು. ಅವತ್ತು ಬೈದವರೂ ಇವತ್ತು ಅಂಥ ಪಟ್ಟಿ ಇಲ್ಲದ ಬ್ರೌಸರ್ ಮುಟ್ಟಲಾರರು.

ಅದೇ ವರ್ಷ ಸೆಪ್ಟೆಂಬರ್ 2ರಂದು ಗೂಗಲ್ ಕ್ರೋಮ್ ಬಂತು, ಅದೂ ಬೀಟಾ ಆಗಿಯೇ, ಅದೂ ವಿಂಡೋಸ್‌ಗೆ ಮಾತ್ರ. ವೇಗ ನೋಡಿ ಜನ ಹುಬ್ಬೇರಿಸಿದರು. ಆದರೆ ಯಾರೂ ಓದದ ಒಪ್ಪಂದ ಪತ್ರವನ್ನು ಕೆಲವರು ಓದಿಬಿಟ್ಟರು. ಈ ಬ್ರೌಸರ್ ಮೂಲಕ ನೀವು ಬರೆದು ಪ್ರಕಟಿಸಿದ್ದರ ಮೇಲೆ ಗೂಗಲ್‌ಗೂ ಹಕ್ಕು ಸಿಗುತ್ತದೆ ಎಂಬ ಅರ್ಥ ಬರುವ ಮಾತು 11ನೇ ಕಲಮಿನಲ್ಲಿತ್ತು. ಕೂಗೆದ್ದ ಕೆಲವೇ ದಿನಗಳಲ್ಲಿ ಗೂಗಲ್ ಅದನ್ನು ತಿದ್ದಿತು. ಬೀಟಾ ಬಳಕೆದಾರನ ಬಾಯಿಗೆ ಎಷ್ಟು ಬೆಲೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಕಡೆ ಆಗ ಬ್ರೌಸರ್ ಎಂದರೆ ಬಹಳ ಜನಕ್ಕೆ ಕ್ರೋಮೂ ಅಲ್ಲ, ಫೈರ್‌ಫಾಕ್ಸೂ ಅಲ್ಲ; ಓಪೆರಾ ಮಿನಿ. ಗುಂಡಿ ಒತ್ತುವ ನೋಕಿಯಾ ಫೋನು, ಜಿಪಿಆರ್‌ಎಸ್ ಸಂಪರ್ಕ, ಮನೆಯಂಗಳದಲ್ಲಿ ಒಂದು ಕಡ್ಡಿ ಸಿಗ್ನಲ್, ಅಡಿಕೆ ತೋಟಕ್ಕೆ ಇಳಿದರೆ ಅದೂ ಇಲ್ಲ. ಇಂಥಲ್ಲಿ ನಾರ್ವೆಯ ಕಂಪನಿಯೊಂದು ಮಾಡಿದ ಈ ಪುಟ್ಟ ಬ್ರೌಸರ್ ನಡೆಯುತ್ತಿತ್ತು. ಯಾಕೆಂದರೆ ಪುಟವನ್ನು ಅದು ಫೋನಿನಲ್ಲಿ ಬಿಚ್ಚುತ್ತಿರಲಿಲ್ಲ, ತನ್ನ ಸರ್ವರಿನಲ್ಲೇ ಬಿಚ್ಚಿ, ಹಿಂಡಿ, ಹತ್ತರಲ್ಲೊಂದು ಪಾಲಿನಷ್ಟಕ್ಕೆ ಇಳಿಸಿ ಕಳಿಸುತ್ತಿತ್ತು. ಆದರೆ ಫೋನಿನಲ್ಲಿ ಕನ್ನಡ ಫಾಂಟೇ ಇಲ್ಲ. ಕನ್ನಡ ಪುಟವೆಂದರೆ ಸಾಲುಸಾಲು ಖಾಲಿ ಡಬ್ಬಿಗಳು.

ಆಗ ಕೈಯಿಂದ ಕೈಗೆ ದಾಟಿದ ಮಂತ್ರವೊಂದಿದೆ. ವಿಳಾಸ ಬರೆಯುವಲ್ಲಿ ‘ಓಪೆರಾ:ಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಬೇಕು. ಒಂದು ಗುಪ್ತ ಪುಟ ತೆರೆಯುತ್ತದೆ. ತೀರಾ ಕೆಳಗೆ ಇಳಿದರೆ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು’ ಎಂಬ ಅರ್ಥದ ಸಾಲು. ಅಲ್ಲಿ ‘ನೋ’ ಇದ್ದದ್ದನ್ನು ‘ಯೆಸ್’ ಮಾಡಿ ಸೇವ್ ಒತ್ತಬೇಕು. ಅಷ್ಟು ಮಾಡಿದರೆ ಸರ್ವರು ಕನ್ನಡವನ್ನು ಅಕ್ಷರವಾಗಿ ಕಳಿಸದೆ ಚಿತ್ರವಾಗಿ ಬರೆದು ಕಳಿಸುತ್ತದೆ. ಡಬ್ಬಿಗಳ ಜಾಗದಲ್ಲಿ ಕನ್ನಡ ಬಂದು ಕೂತಾಗ ಆದ ಸಂತೋಷ ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ಚಿತ್ರವಾದ್ದರಿಂದ ಡೇಟಾ ಹೆಚ್ಚು ಖರ್ಚಾಗುತ್ತಿತ್ತು, ಪುಟ ತೆರೆಯಲು ತಡವಾಗುತ್ತಿತ್ತು, ಯಾರೂ ದೂರಲಿಲ್ಲ. ಓಪೆರಾ ಮಿನಿ 5ರ ಬೀಟಾ 2009ರ ಸೆಪ್ಟೆಂಬರಿನಲ್ಲಿ ಟ್ಯಾಬು, ಸ್ಪೀಡ್ ಡಯಲ್ ಎಲ್ಲ ಹೊತ್ತು ಬಂದಾಗ ಹಳೆಯ ಸೆಟ್ಟುಗಳಿಗೆ ಅದು ಭಾರವೆನಿಸಿತು. ಹಲವರು 4ರಲ್ಲೇ ಉಳಿದರು.

ಆಂಡ್ರಾಯ್ಡ್ ಬಂದ ಮೇಲೂ ಡಬ್ಬಿ ತಪ್ಪಲಿಲ್ಲ. ಮೊದಲ ಆಂಡ್ರಾಯ್ಡ್ ಫೋನುಗಳಿಗೆ ಕನ್ನಡ ಗೊತ್ತೇ ಇರಲಿಲ್ಲ. ಸಾವಿರಗಟ್ಟಲೆ ಕೊಟ್ಟು ತಂದ ಟಚ್ ಫೋನಿನಲ್ಲಿ ಕನ್ನಡ ಓದಲು ಮತ್ತೆ ಓಪೆರಾ ಮಿನಿಯ ಮಂತ್ರಕ್ಕೇ ಮೊರೆ. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಗಳು ಒಟ್ಟಿಗೆ ಸೇರಿದವು.

ಈ ನಡುವೆ ಬೆಂಗಳೂರಿನಲ್ಲೇ ಒಂದು ಬ್ರೌಸರ್ ಹುಟ್ಟಿದ್ದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅಲೋಕ್ ಭಾರದ್ವಾಜ್ ಅವರ ಹಿಡನ್ ರಿಫ್ಲೆಕ್ಸ್ ಕಂಪನಿ 2010ರ ಜುಲೈಯಲ್ಲಿ ‘ಎಪಿಕ್’ ತಂದಿತು. ಭಾರತದ ಮೊದಲ ಬ್ರೌಸರ್ ಎಂಬ ಪ್ರಚಾರ. ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಟೈಪಿಸುವ ಸೌಲಭ್ಯ ಒಳಗೇ ಇತ್ತು, ವೈರಸ್ ಹಿಡಿಯುವ ತಂತ್ರಾಂಶವಿತ್ತು, ಪಕ್ಕದ ಪಟ್ಟಿಯಲ್ಲಿ ಸಾಲಾಗಿ ಆ್ಯಪುಗಳು, ನೂರಾರು ದೇಸಿ ಅಲಂಕಾರ. ಕೆಲವರಿಗೆ ಹೆಮ್ಮೆಯಾಯಿತು. ಇನ್ನು ಕೆಲವರು, ಇದು ಫೈರ್‌ಫಾಕ್ಸ್‌ಗೇ ಬಣ್ಣ ಹಚ್ಚಿ ಕಟ್ಟಿದ ವೇಷ ಎಂದರು. ಆ ಮಾತು ಸುಳ್ಳಲ್ಲ, ಒಳಗಿದ್ದದ್ದು ಫೈರ್‌ಫಾಕ್ಸೇ. ಆದರೆ ಬೇರೇನೂ ಹಾಕಿಕೊಳ್ಳದೆ ಬ್ರೌಸರಿನಲ್ಲೇ ಕನ್ನಡ ಬರೆಯಬಹುದು ಎಂಬ ವಿಚಾರ ಆ ಹೊತ್ತಿಗೆ ಸಣ್ಣದಲ್ಲ, ಅದಕ್ಕೆ ಸಿಗಬೇಕಾದ ಮೆಚ್ಚುಗೆ ಸಿಗಲಿಲ್ಲ ಎಂದೇ ನನ್ನ ಅನಿಸಿಕೆ. 2013ರಲ್ಲಿ ಎಪಿಕ್ ಫೈರ್‌ಫಾಕ್ಸ್ ಬಿಟ್ಟು ಕ್ರೋಮಿಯಂ ಹಿಡಿಯಿತು, ಖಾಸಗಿತನ ಕಾಯುವ ಬ್ರೌಸರ್ ಎಂದು ಹೊಸ ದಾರಿ ತುಳಿಯಿತು. ದೇಸಿ ಅಲಂಕಾರಗಳು ಹಿಂದುಳಿದವು.

ಒತ್ತಕ್ಷರಕ್ಕೆ ನೆಲೆಯಾದ ಪರಿಹಾರ ಸಿಕ್ಕಿದ್ದು ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶದಿಂದ. ಇರಾನ್ ಮೂಲದ ಬೆಹದಾದ್ ಇಸ್ಫಹಬೋದ್ ಅದರ ಮುಖ್ಯ ಕರ್ತೃ. ಇವತ್ತು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲದರಲ್ಲೂ ಅಕ್ಷರ ಕೂಡಿಸುವುದು ಅದೇ. 2012ರ ಸುಮಾರಿಗೆ ಭಾರತದ ಲಿಪಿಗಳ ಭಾಗ ಬರೆಯುವಾಗ ಅವರಿಗೆ ಪರೀಕ್ಷೆಗೆ ಪದಗಳು ಬೇಕಾದವು. ಅವರು ತೆಗೆದುಕೊಂಡದ್ದು ಆಯಾ ಭಾಷೆಯ ವಿಕಿಪೀಡಿಯದ ಪಠ್ಯವನ್ನು. ಕನ್ನಡದ ಲಕ್ಷಾಂತರ ಪದಗಳನ್ನು ಮೈಕ್ರೋಸಾಫ್ಟಿನ ವ್ಯವಸ್ಥೆ ಹೇಗೆ ಮೂಡಿಸುತ್ತದೆ, ತಮ್ಮದು ಹೇಗೆ ಮೂಡಿಸುತ್ತದೆ ಎಂದು ಹೋಲಿಸಿ, ತಪ್ಪಿದವನ್ನು ಒಂದೊಂದಾಗಿ ತಿದ್ದಿಕೊಂಡು ಹೋದರು. ಊರಿನ ಬಗ್ಗೆ, ಜಾತ್ರೆಯ ಬಗ್ಗೆ, ಜಲಪಾತದ ಬಗ್ಗೆ ವಿಕಿಪೀಡಿಯಕ್ಕೆ ಲೇಖನ ಬರೆದು ಹಾಕಿದ ಅಜ್ಞಾತ ಕನ್ನಡಿಗರೆಲ್ಲ ತಮಗರಿವಿಲ್ಲದೆ ಈ ಕೆಲಸಕ್ಕೆ ಕೈಜೋಡಿಸಿದ್ದರು.

ಎಲ್ಲ ಮುಗಿಯಿತೆಂದಲ್ಲ. ‘ಸೂರ್ಯ’ ಎಂದು ಬರೆದರೆ ಅರ್ಕಾವೊತ್ತು ಬರಬೇಕು, ‘ರ‍್ಯಾಂಕ್’ ಎಂದು ಬರೆದರೆ ರಕಾರ ಮೇಲೇ ನಿಂತು ಯಕಾರ ಒತ್ತಾಗಬೇಕು. ಎರಡನೆಯದಕ್ಕೆ ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಹಾಕಬೇಕು. ಟೈಪಿಸುವಾಗ ಅದನ್ನು ಮರೆತರೆ, ಹಾಕಿದ್ದನ್ನು ಯಾವುದೋ ಜಾಲತಾಣ ಕಿತ್ತರೆ, ಶಾಲೆಯ ಫಲಿತಾಂಶದ ಪುಟದಲ್ಲಿ ‘ರ್ಯಾಂಕ್’ ಆಗಿ ಕೂರುತ್ತದೆ. ಬ್ರೌಸರೇ ಕೈತಪ್ಪಿ ಹೋದದ್ದೂ ಇದೆ; ಕೆಲವರು ಬಹಳ ಇಷ್ಟಪಟ್ಟು ಬಳಸುತ್ತಿದ್ದ ಯುಸಿ ಬ್ರೌಸರ್ 2020ರ ಜೂನ್ 29ರಂದು ಭಾರತದಲ್ಲಿ ನಿಷೇಧವಾದ 59 ಆ್ಯಪ್‌ಗಳ ಪಟ್ಟಿಗೆ ಸೇರಿತು. ಲಾಕ್‌ಡೌನ್ ಕಾಲದಲ್ಲಿ ಸೊಪ್ಪಿನ ಬೆಟ್ಟದ ನೆತ್ತಿಗೆ ಹತ್ತಿ, ಪ್ಲಾಸ್ಟಿಕ್ ಹೊದೆಸಿದ ಗುಡಿಸಲಿನಲ್ಲಿ ಕೂತು ಪಾಠ ಕೇಳುತ್ತಿದ್ದ ನಮ್ಮ ವಿದ್ಯಾರ್ಥಿಗಳಿಗೆ ಬ್ರೌಸರ್ ಯಾವುದಾದರೇನು, ನೆಟ್‌ವರ್ಕ್ ಸಿಕ್ಕರೆ ಸಾಕಿತ್ತು.

ಈಗ ಬೀಟಾ ಎಂಬುದು ವರ್ಷಕ್ಕೊಮ್ಮೆಯ ಸಂಭ್ರಮವಲ್ಲ. ಫೈರ್‌ಫಾಕ್ಸ್ 2020ರಿಂದ, ಕ್ರೋಮ್ 2021ರಿಂದ ಸುಮಾರು ನಾಲ್ಕು ವಾರಕ್ಕೊಂದು ಆವೃತ್ತಿಯ ಲೆಕ್ಕಕ್ಕೆ ಇಳಿದಿವೆ. ಪ್ಲೇ ಸ್ಟೋರಿನಲ್ಲಿ ಎರಡರ ಬೀಟಾವೂ ಯಾರು ಬೇಕಾದರೂ ಹಾಕಿಕೊಳ್ಳುವಂತೆ ಇದೆ. ನಮ್ಮ ಮನೆಗಳಲ್ಲಿ ಈ ಕೆಲಸ ಬೆಂಗಳೂರಿನ ಸಾಫ್ಟ್‌ವೇರ್ ಮಗನಿಗೋ ಸೋದರಳಿಯನಿಗೋ ಮೀಸಲು. ದೊಡ್ಡಹಬ್ಬಕ್ಕೆ ಬಂದಾಗ ಅಪ್ಪನ ಫೋನು ಹಿಡಿದು ಅಪ್‌ಡೇಟ್ ಮಾಡಿ ಹೋಗುತ್ತಾನೆ. ಮಾರನೇ ದಿನದಿಂದ ಇದು ಎಲ್ಲಿ ಹೋಯಿತು, ಅದು ಯಾಕೆ ಹೀಗಾಯಿತು ಎಂದು ಅವನಿಗೆ ಫೋನು. ಅವನು ಆಫೀಸಿನ ಮೀಟಿಂಗಿನಲ್ಲಿ. ದೂರು ಅಲ್ಲಿಗೇ ಮುಗಿಯಿತು.

ಅದು ಹೋಗಬೇಕಾದ ಜಾಗ ಬೇರೆ ಇದೆ, ದೂರವೂ ಇಲ್ಲ. ಕಂಪ್ಯೂಟರಿನ ಕ್ರೋಮ್‌ನಲ್ಲಾದರೆ ಮೇಲಿನ ಮೂರು ಚುಕ್ಕಿ ಒತ್ತಿ ‘ಹೆಲ್ಪ್’ಗೆ ಹೋದರೆ ದೂರು ಕಳಿಸುವ ಆಯ್ಕೆ ಕಾಣುತ್ತದೆ. ಫೈರ್‌ಫಾಕ್ಸ್‌ನ ದೂರು ಪುಸ್ತಕವಾದ ಬಗ್‌ಜಿಲ್ಲಾ ಎಲ್ಲರಿಗೂ ತೆರೆದಿದೆ. ಅಕ್ಷರ ತಪ್ಪಿದ ಪುಟದ ಸ್ಕ್ರೀನ್‌ಶಾಟ್, ಬ್ರೌಸರಿನ ಆವೃತ್ತಿ ಸಂಖ್ಯೆ, ಅಕ್ಷರ ಹೇಗಿರಬೇಕಿತ್ತು ಎಂಬುದರ ಇನ್ನೊಂದು ಚಿತ್ರ, ಜೊತೆಗೆ ಎರಡು ಸಾಲು ಇಂಗ್ಲಿಷ್. ಇಂಗ್ಲಿಷ್ ತಪ್ಪಿದರೂ ಯಾರೂ ನಗುವುದಿಲ್ಲ. ಮುಂದಿನ ಸಲ ಒತ್ತು ಹರಿದದ್ದು ಕಂಡರೆ ಮಗನಿಗೆ ಫೋನು ಮಾಡುವ ಮೊದಲು ಅಲ್ಲಿಗೆ ಬರೆಯಿರಿ.